ನಿವೃತ್ತಿಯ ನಂತರದ 43 ವರ್ಷ: ಸರ್ ಎಂ.ವಿ. ಅವರ ಮುಗಿಯದ ಕಾರ್ಯಪಟ್ಟಿ

ಬ್ರೂಕ್‌ಫೀಲ್ಡ್ (ಬೆಂಗಳೂರು): ಕುಂದಲಹಳ್ಳಿ, ಬ್ರೂಕ್‌ಫೀಲ್ಡ್, ವೈಟ್‌ಫೀಲ್ಡ್ ಸುತ್ತಮುತ್ತಲಿನ ಬಡಾವಣೆಗಳಲ್ಲಿ ಈಗ ನಡುವಯಸ್ಸು ದಾಟಿದವರ ಸಂಖ್ಯೆ ಕಡಿಮೆಯಿಲ್ಲ. 1990ರ ದಶಕದಲ್ಲಿ ಇಲ್ಲಿ ಐಟಿ ಪಾರ್ಕ್ ತಲೆಯೆತ್ತಿದಾಗ ಕೈಯಲ್ಲಿ ಪದವಿ ಹಿಡಿದು ಬಂದ ಯುವಕ ಯುವತಿಯರು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಸಾಲದ ಕಂತು ಮುಗಿದಿದೆ, ಮಕ್ಕಳು ರೆಕ್ಕೆ ಬಲಿತು ಹಾರಿದ್ದಾರೆ. ಮುಂದೇನು ಎಂಬ ಪ್ರಶ್ನೆ ಎದುರಾದಾಗ ಹಲವರು ಕಾಗದ ಪೆನ್ನು ಹಿಡಿದು ಪಟ್ಟಿ ಬರೆಯುತ್ತಾರೆ. ಮಾನಸ ಸರೋವರ ನೋಡಬೇಕು, ವೀಣೆ ಕಲಿಯಬೇಕು, ಊರಿನ ತೋಟಕ್ಕೆ ಮರಳಬೇಕು. ಇಂಥ ಬಯಕೆಪಟ್ಟಿಗೆ ಇಂಗ್ಲಿಷಿನಲ್ಲಿ ಬಕೆಟ್ ಲಿಸ್ಟ್ ಎಂಬ ಹೆಸರಿದೆ. 2007ರ ಕೊನೆಯಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದು ಆ ಪದವನ್ನು ಜಗತ್ತಿನಾದ್ಯಂತ ಮನೆಮಾತಾಗಿಸಿತು.

ಪದ ಹೊಸದಾದರೂ ವಿಚಾರ ನಮಗೆ ಹೊಸದಲ್ಲ. ಸಂಸಾರದ ಭಾರ ಇಳಿದ ಮೇಲೆ ಕಾಶಿ, ರಾಮೇಶ್ವರ ನೋಡಿ ಬರುವುದು ನಮ್ಮ ಅಜ್ಜ ಅಜ್ಜಿಯರ ಬಯಕೆಪಟ್ಟಿಯೇ ಆಗಿತ್ತು. ಅದರ ಜೊತೆಗೇ ಅರುವತ್ತಕ್ಕೆ ಅರಳು ಮರಳು ಎಂಬ ಗಾದೆಯೂ ಚಾಲ್ತಿಯಲ್ಲಿತ್ತು. ಆ ಗಾದೆಯನ್ನು ತಮ್ಮ ಬದುಕಿನಿಂದಲೇ ಸುಳ್ಳಾಗಿಸಿದ ಕನ್ನಡಿಗರಲ್ಲಿ ಮೊದಲು ನೆನಪಾಗುವವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ.

ಸರ್ ಎಂ.ವಿ. ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೈಸೂರು ಪೇಟ, ಕನ್ನಂಬಾಡಿ ಕಟ್ಟೆ ಮತ್ತು ಶಾಲಾ ಪಠ್ಯದ ಎರಡು ಮೇಣದ ಬತ್ತಿಗಳ ಕಥೆ. ಇವೆಲ್ಲವೂ ಅವರ ಅಧಿಕಾರದ ದಿನಗಳಿಗೆ ಸೇರಿದವು. 1884ರಲ್ಲಿ ನೌಕರಿಗೆ ಸೇರಿದ ಅವರು 1918ರ ಡಿಸೆಂಬರ್‌ನಲ್ಲಿ ದಿವಾನಗಿರಿ ಬಿಟ್ಟರು. ಅಂದರೆ ಅಧಿಕಾರದ ಅವಧಿ ಒಟ್ಟು 34 ವರ್ಷ. ಅಲ್ಲಿಂದ 1962ರ ಏಪ್ರಿಲ್‌ನಲ್ಲಿ ಕಣ್ಮುಚ್ಚುವವರೆಗೆ ಅವರು ಬದುಕಿದ್ದು 43 ವರ್ಷಕ್ಕೂ ಹೆಚ್ಚು. ದುಡಿಮೆಯ ಕಾಲಕ್ಕಿಂತಲೂ ನಿವೃತ್ತಿಯ ಕಾಲವೇ ದೀರ್ಘವಾಗಿದ್ದ ಈ ಜೀವನದ ಎರಡನೆಯ ಭಾಗದತ್ತ ನಮ್ಮ ಗಮನ ಹರಿದದ್ದು ಕಡಿಮೆ.

ಮುದ್ದೇನಹಳ್ಳಿಯಿಂದ ಪುಣೆಗೆ

ಚಿಕ್ಕಬಳ್ಳಾಪುರದ ಬಳಿ, ನಂದಿಬೆಟ್ಟದ ಸಾಲಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಬಾಲ್ಯ ಮುಗಿಯುವ ಮುನ್ನವೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿನಲ್ಲಿ ಬಂಧುಗಳ ಆಶ್ರಯ ಪಡೆದು, ಮನೆಪಾಠ ಹೇಳಿ ಖರ್ಚು ನಿಭಾಯಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿದನು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು, ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನಾಗಿಯೇ ತೆರೆದು ಮುಚ್ಚುವ ಬಾಗಿಲುಗಳು, ನೀರಾವರಿಯಲ್ಲಿ ಬ್ಲಾಕ್ ಪದ್ಧತಿ, ಏಡನ್ ನಗರದ ನೀರು ಮತ್ತು ಒಳಚರಂಡಿ ಯೋಜನೆ ಹೀಗೆ ಅವರ ಹೆಸರು ಬೆಳೆಯಿತು. ಆದರೆ ಬ್ರಿಟಿಷರ ಆ ಇಲಾಖೆಯಲ್ಲಿ ಭಾರತೀಯನೊಬ್ಬ ಅತ್ಯುನ್ನತ ಹುದ್ದೆಗೆ ಏರುವ ಅವಕಾಶ ಇರಲಿಲ್ಲವೆಂದೇ ಹೇಳಬೇಕು. ಇದನ್ನು ಅರಿತ ವಿಶ್ವೇಶ್ವರಯ್ಯ 1908ರಲ್ಲಿ, 47ರ ವಯಸ್ಸಿನಲ್ಲಿ, ಸ್ವಯಂ ನಿವೃತ್ತಿ ಪಡೆದರು. ಇಂದಿನ ಭಾಷೆಯಲ್ಲಿ ಅದು ವಿ.ಆರ್.ಎಸ್.

ಮೊದಲ ನಿವೃತ್ತಿ, ಮೊದಲ ಪ್ರವಾಸ

ನಿವೃತ್ತಿಯಾದೊಡನೆ ಅವರು ಮಾಡಿದ ಕೆಲಸ ಇಂದಿನ ಬಯಕೆಪಟ್ಟಿಗಳ ಮೊದಲ ಸಾಲಿನಲ್ಲೇ ಇರುವಂಥದ್ದು. ಅವರು ವಿದೇಶ ಪ್ರವಾಸಕ್ಕೆ ಹೊರಟರು. ಆದರೆ ನೋಡಬೇಕೆಂದು ಆರಿಸಿಕೊಂಡದ್ದು ಅಣೆಕಟ್ಟು, ಕಾರ್ಖಾನೆ, ನಗರದ ನೀರಿನ ವ್ಯವಸ್ಥೆ ಮತ್ತು ತಾಂತ್ರಿಕ ಶಾಲೆಗಳನ್ನು. ಅದಕ್ಕೆ ಹತ್ತು ವರ್ಷ ಮೊದಲೇ, 1898ರಲ್ಲಿ, ರಜೆ ಹಾಕಿ ಜಪಾನ್ ನೋಡಿ ಬಂದಿದ್ದರು. ಏಷ್ಯಾದ ದೇಶವೊಂದು ಶಿಕ್ಷಣ ಮತ್ತು ಕೈಗಾರಿಕೆಯ ಬಲದಿಂದ ಮೇಲೇಳುವುದನ್ನು ಕಂಡ ಆ ಪ್ರವಾಸ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಅಳಿಯಲಿಲ್ಲ.

1908ರ ಪ್ರವಾಸದಲ್ಲಿರುವಾಗಲೇ ಹೈದರಾಬಾದಿನಿಂದ ಕರೆ ಬಂದಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನ ಪ್ರಾಣ ತೆತ್ತಿದ್ದರು. 1909ರಲ್ಲಿ ಅಲ್ಲಿಗೆ ತೆರಳಿದ ವಿಶ್ವೇಶ್ವರಯ್ಯ, ನಗರದ ಮೇಲ್ಭಾಗದಲ್ಲಿ ನೆರೆಯನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟಬೇಕೆಂದು ಸೂಚಿಸಿದರು. ಮುಂದೆ ನಿರ್ಮಾಣವಾದ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ಹಿಂದೆ ಈ ಸಲಹೆಯಿದೆ. ಅದೇ ವರ್ಷ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ಎಂಜಿನಿಯರ್ ಆಗಿ ಕರೆಸಿಕೊಂಡಿತು. 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕ್ (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916), ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (1917) ಇವೆಲ್ಲವೂ ಆ ಆರು ವರ್ಷಗಳ ಫಸಲು.

57ರಲ್ಲಿ ಬರಿಗೈ

1918ರಲ್ಲಿ ಆ ಅಧ್ಯಾಯ ಅಹಿತಕರವಾಗಿ ಮುಗಿಯಿತು. ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರ ಸಮುದಾಯಗಳಿಗೆ ನ್ಯಾಯವಾದ ಪಾಲು ದೊರೆಯಬೇಕೆಂಬ ಬೇಡಿಕೆ ಸಂಸ್ಥಾನದಲ್ಲಿ ಬಲಗೊಂಡಿತ್ತು. ಅದರ ಪರಿಶೀಲನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂದು ನಂಬಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಶಿಕ್ಷಣದ ಅವಕಾಶವೇ ಅಸಮಾನವಾಗಿದ್ದ ಸಮಾಜದಲ್ಲಿ ಅರ್ಹತೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಅವರ ನಿಲುವಿನಲ್ಲಿ ಸಮರ್ಪಕ ಉತ್ತರ ಇರಲಿಲ್ಲ ಎಂಬ ಟೀಕೆ ಅಂದಿನಿಂದ ಇಂದಿನವರೆಗೂ ಕೇಳಿಬರುತ್ತಿದೆ. ಮಿಲ್ಲರ್ ಸಮಿತಿಯ ವರದಿಯೇ ಮುಂದೆ ದೇಶದ ಮೀಸಲಾತಿ ಚರಿತ್ರೆಯ ಮೊದಲ ಮೈಲಿಗಲ್ಲುಗಳಲ್ಲಿ ಒಂದಾಯಿತು. ದಿವಾನರು ಮಾತ್ರ ಹುದ್ದೆ ಬಿಟ್ಟು ನಡೆದರು.

ಆಗ ಅವರಿಗೆ 57. ಕುಟುಂಬದ ಆಸರೆ ಇಲ್ಲದ ಒಂಟಿ ಬದುಕು. ಕನ್ನಂಬಾಡಿ ಕಟ್ಟೆ ಇನ್ನೂ ಅರ್ಧದಲ್ಲಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕೆಲಸ ಆಗಷ್ಟೇ ಶುರುವಾಗಿತ್ತು. ಆರಂಭಿಸಿದ ಕೆಲಸಗಳು ಕಣ್ಣೆದುರಿಗಿದ್ದು, ಅವುಗಳನ್ನು ಮುಗಿಸುವ ಅಧಿಕಾರ ಕೈತಪ್ಪಿದ ಸ್ಥಿತಿ ಅದು. ನಿವೃತ್ತರಲ್ಲಿ ಹಲವರು ಇಂದಿಗೂ ಅನುಭವಿಸುವ ಸಂಕಟ ಇದೇ ಅಲ್ಲವೇ? ಬಿಟ್ಟುಬಂದ ಕೆಲಸದ ಕೊರಗಿನಲ್ಲೇ ಕಾಲ ಕಳೆಯುವುದು ಒಂದು ದಾರಿ. ವಿಶ್ವೇಶ್ವರಯ್ಯ ಮತ್ತೆ ಹಡಗು ಹತ್ತಿದರು. 1919-20ರಲ್ಲಿ ಜಪಾನ್, ಅಮೆರಿಕ, ಯೂರೋಪ್ ಸುತ್ತಿ ಬಂದರು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಪ್ರಕಟಿಸಿದರು. ಅವರ ಮುಂದಿನ ನಾಲ್ಕು ದಶಕಗಳ ಕಾರ್ಯಪಟ್ಟಿಯ ಬೀಜರೂಪವನ್ನು ಆ ಪುಸ್ತಕದಲ್ಲಿ ಕಾಣಬಹುದು. ದೇಶಕ್ಕೆ ಯೋಜನೆ ಬೇಕು, ಭಾರಿ ಕೈಗಾರಿಕೆ ಬೇಕು, ತಾಂತ್ರಿಕ ಶಿಕ್ಷಣ ಬೇಕು, ಹಳ್ಳಿಯಲ್ಲಿ ದುಡಿಮೆ ಬೇಕು.

ಷಷ್ಟ್ಯಬ್ದಿಯ ನಂತರ

ನಮ್ಮಲ್ಲಿ 60 ತುಂಬಿದಾಗ ಷಷ್ಟ್ಯಬ್ದಿ, 70ಕ್ಕೆ ಭೀಮರಥ ಶಾಂತಿ, 80 ದಾಟಿದಾಗ ಸಹಸ್ರಚಂದ್ರ ದರ್ಶನ ಎಂದು ವಯಸ್ಸಿನ ಮೈಲಿಗಲ್ಲುಗಳನ್ನು ಆಚರಿಸುವ ವಾಡಿಕೆಯಿದೆ. ಆ ಮೈಲಿಗಲ್ಲುಗಳಲ್ಲಿ ವಿಶ್ವೇಶ್ವರಯ್ಯ ಏನು ಮಾಡುತ್ತಿದ್ದರು ಎಂದು ನೋಡಿದರೆ ಅವರ ಪಟ್ಟಿ ಹೇಗೆ ಮುಂದೆ ಸಾಗಿತೆಂಬುದು ತಿಳಿಯುತ್ತದೆ.

60 ತುಂಬಿದ 1921ರಲ್ಲಿ ಅವರು ಮುಂಬೈ ಸರ್ಕಾರದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದರು. 1923ರಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷತೆ, 1925ರಲ್ಲಿ ಭಾರತದ ಆರ್ಥಿಕ ಸ್ಥಿತಿಗತಿಗಳ ಅಂಕಿಅಂಶ ಸಂಗ್ರಹಿಸುವ ವಿಧಾನ ಕುರಿತ ವಿಚಾರಣಾ ಸಮಿತಿಯ ಅಧ್ಯಕ್ಷತೆ ಅವರ ಪಾಲಿಗೆ ಬಂದವು.

ಆ ದಶಕದ ನಿಜವಾದ ಅಗ್ನಿಪರೀಕ್ಷೆ ಭದ್ರಾವತಿಯದು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆ, ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದದ್ದರಿಂದ ನಷ್ಟಕ್ಕೆ ಸಿಲುಕಿತ್ತು. ಕಲ್ಲಿದ್ದಲಿನ ಬದಲು ಕಾಡಿನ ಕಟ್ಟಿಗೆಯ ಇದ್ದಿಲನ್ನು ಬಳಸುವ ಅದರ ವಿಧಾನದ ಬಗ್ಗೆಯೂ ಅನುಮಾನಗಳಿದ್ದವು. ಅದನ್ನು ಮುಚ್ಚುವುದೇ ಲೇಸು ಎನ್ನುವವರಿದ್ದ ಕಾಲದಲ್ಲಿ ಅವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1923ರಿಂದ 1929ರವರೆಗೆ ಹೊಣೆ ಹೊತ್ತರು. ಒಮ್ಮೆ ದಿವಾನರಾಗಿದ್ದವರು ಅದೇ ಸಂಸ್ಥಾನದ ಒಂದು ಕಾರ್ಖಾನೆಯ ಲೆಕ್ಕಪತ್ರದ ಮುಂದೆ ಕುಳಿತದ್ದರಲ್ಲಿ ಅವರಿಗೆ ಸಂಕೋಚವೇನೂ ಇರಲಿಲ್ಲ. ಕಾರ್ಖಾನೆ ಉಳಿಯಿತು, ಮುಂದೆ ಅವರ ಹೆಸರನ್ನೇ ಪಡೆಯಿತು. ಆ ಸೇವೆಗಾಗಿ ಸರ್ಕಾರದಿಂದ ಬರಬೇಕಿದ್ದ ಸಂಭಾವನೆಯ ಹಣವನ್ನು ಅವರು ತಾಂತ್ರಿಕ ತರಬೇತಿ ಸಂಸ್ಥೆಯೊಂದರ ಸ್ಥಾಪನೆಗೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರನ್ನು ಇರಿಸಿದರು. ಅದೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

1927ರಲ್ಲಿ ಟಾಟಾ ಉಕ್ಕು ಕಂಪನಿಯ ನಿರ್ದೇಶಕರಾದ ಅವರು 1955ರವರೆಗೂ ಆ ಸ್ಥಾನದಲ್ಲಿದ್ದರು. 1934ರಲ್ಲಿ, 70 ದಾಟಿದ ಮೇಲೆ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಏಕೆ ಬೇಕೆಂದು ವಿವರಿಸುವ ಗ್ರಂಥ ಬರೆದರು. ಹತ್ತು ವರ್ಷಗಳ ಗಡುವಿನ ಯೋಜನೆ ಅವರ ಮನಸ್ಸಿನಲ್ಲಿತ್ತು. ಸ್ವತಂತ್ರ ಭಾರತದಲ್ಲಿ ಯೋಜನಾ ಆಯೋಗ ರಚನೆಯಾದದ್ದು 1950ರಲ್ಲಿ.

ಕೈಗೂಡದ ಕನಸು: ಕಾರು ಕಾರ್ಖಾನೆ

ಪಟ್ಟಿಯಲ್ಲಿದ್ದುದೆಲ್ಲ ಕೈಗೂಡಲಿಲ್ಲ. ಅತ್ಯಂತ ದೀರ್ಘಕಾಲ ಕಾಡಿದ್ದು ಮೋಟಾರು ಕಾರ್ಖಾನೆಯ ಕನಸು. ಭಾರತದ ರಸ್ತೆಗಳಲ್ಲಿ ಓಡುವ ಕಾರು, ಲಾರಿಗಳು ಭಾರತದಲ್ಲೇ ತಯಾರಾಗಬೇಕೆಂಬ ಹಂಬಲದಿಂದ 1935ರಲ್ಲಿ, 74ರ ಅಂಚಿನಲ್ಲಿ, ಅವರು ಯೂರೋಪ್ ಮತ್ತು ಅಮೆರಿಕಕ್ಕೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ಅಧ್ಯಯನ ಮಾಡಿ ಬಂದರು. ವಿವರವಾದ ಯೋಜನೆ ಸಿದ್ಧವಾಯಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಲು ಮೈಸೂರು ಸರ್ಕಾರ ಮೊದಲು ನೆರವಿನ ಭರವಸೆ ನೀಡಿತ್ತು. ಆದರೆ ಬ್ರಿಟಿಷ್ ಭಾರತ ಸರ್ಕಾರದ ವಿರೋಧದ ಮುಂದೆ ಸಂಸ್ಥಾನ ಹಿಂದೆ ಸರಿಯಬೇಕಾಯಿತು. ವರ್ಷಗಟ್ಟಲೆ ನಡೆಸಿದ ಓಡಾಟ, ಪತ್ರವ್ಯವಹಾರಗಳು ಆತನ ಊರಿನ ಮಟ್ಟಿಗೆ ನಿಷ್ಫಲವಾದವು. ವಾಲ್‌ಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈಯಲ್ಲಿ ನೆಲೆ ಕಂಡಿತು. ಮುಂದೆ ಮುಂಬೈಯ ಟ್ಯಾಕ್ಸಿಯೆಂದೇ ಹೆಸರಾದ ಪದ್ಮಿನಿ ಕಾರು ಆ ಕಂಪನಿಯದು.

ಬೆಂಗಳೂರಿಗೆ ಕಾರು ಬರಲಿಲ್ಲ, ವಿಮಾನ ಬಂದಿತು. ಅದೇ ವಾಲ್‌ಚಂದ್ ಹೀರಾಚಂದ್, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಯುದ್ಧಕಾಲದ ಅಗತ್ಯ ಇದಕ್ಕೆ ದಾರಿ ತೆರೆಯಿತು. ಅದೇ ಇಂದಿನ ಎಚ್.ಎ.ಎಲ್. ಬ್ರೂಕ್‌ಫೀಲ್ಡ್‌ನಿಂದ ನಗರದ ಕಡೆಗೆ ಹೊರಟವರು ಮಾರತ್ತಹಳ್ಳಿ ದಾಟಿದೊಡನೆ ಅದರ ಉದ್ದನೆಯ ಗೋಡೆಯ ಪಕ್ಕದಲ್ಲೇ ಸಾಗುತ್ತಾರೆ. ಬೆಂಗಳೂರಿನ ಪೂರ್ವಭಾಗ ಎಂಜಿನಿಯರುಗಳ ಊರಾಗಿ ಬೆಳೆದದ್ದರಲ್ಲಿ ಈ ಕಾರ್ಖಾನೆಯ ಪಾತ್ರ ದೊಡ್ಡದು. ಇನ್ನು ವಾಹನ ತಯಾರಿಕೆಯ ಕನಸು ಬೆಂಗಳೂರಿನ ಸುತ್ತ ನನಸಾದದ್ದು ಅವರು ತೀರಿಕೊಂಡು ಹಲವು ದಶಕಗಳಾದ ಮೇಲೆ. 1990ರ ದಶಕದ ಕೊನೆಯಲ್ಲಿ ವೈಟ್‌ಫೀಲ್ಡ್‌ಗೆ ನೆರೆಯ ಹೊಸಕೋಟೆಯಲ್ಲಿ ವೋಲ್ವೊ ಲಾರಿ, ಇನ್ನೊಂದು ದಿಕ್ಕಿನ ಬಿಡದಿಯಲ್ಲಿ ಟೊಯೋಟಾ ಕಾರು ತಯಾರಾಗತೊಡಗಿದವು.

ಎಂಬತ್ತು, ತೊಂಬತ್ತು, ನೂರು

ಮೋಟಾರು ಯೋಜನೆ ಕೈತಪ್ಪಿದ ದಿನಗಳಲ್ಲೇ, 1941ರಲ್ಲಿ, ಎಂಬತ್ತರ ಹೊಸ್ತಿಲಲ್ಲಿದ್ದ ವಿಶ್ವೇಶ್ವರಯ್ಯ ಅಖಿಲ ಭಾರತ ಉತ್ಪಾದಕರ ಸಂಘಟನೆಯನ್ನು ಕಟ್ಟಿದರು. ಒಬ್ಬರ ಮಾತಿಗೆ ಸರ್ಕಾರ ಮಣಿಯದಿದ್ದರೆ ಉದ್ಯಮಿಗಳೆಲ್ಲ ಒಂದಾಗಿ ದನಿಯೆತ್ತಬೇಕೆಂಬುದು ಅದರ ಉದ್ದೇಶ. 1946ರಲ್ಲಿ, 85ರ ಸಮೀಪದಲ್ಲಿ, ಆ ಸಂಘಟನೆಯ ನಿಯೋಗದ ನಾಯಕರಾಗಿ ಮತ್ತೆ ಯೂರೋಪ್, ಅಮೆರಿಕಗಳಿಗೆ ತೆರಳಿದರು. ಭಾರಿ ಕೈಗಾರಿಕೆಯ ವಕ್ತಾರರೆಂದು ಹೆಸರಾಗಿದ್ದ ಅವರು ಈ ವಯಸ್ಸಿನಲ್ಲಿ ಹಳ್ಳಿಗಳ ಕಡೆಗೂ ಹೊರಳಿದರು. ಹಳ್ಳಿಗಳನ್ನು ಗುಂಪುಗೂಡಿಸಿ, ಪ್ರತಿ ಗುಂಪಿನಲ್ಲೂ ಸಣ್ಣ ಕೈಗಾರಿಕೆಗಳನ್ನು ಆರಂಭಿಸುವ ಗ್ರಾಮೀಣ ಕೈಗಾರಿಕೀಕರಣ ಯೋಜನೆಯನ್ನು ರೂಪಿಸಿದರು. ಮೈಸೂರು ಸಂಸ್ಥಾನದಲ್ಲಿ ಅದರ ಪ್ರಯೋಗವೂ ನಡೆಯಿತು.

1951ರಲ್ಲಿ ತಮ್ಮ ಕಾರ್ಯಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಹೊರತಂದರು. ಆತ್ಮಕಥೆ ಬರೆಯುವುದು ಈಗಲೂ ಅನೇಕ ನಿವೃತ್ತರ ಬಯಕೆ. ಆದರೆ ಈ ಪುಸ್ತಕದಲ್ಲಿ ಸ್ವಂತ ಸುಖದುಃಖಗಳ ವಿವರ ಕಡಿಮೆ. ಯೋಜನೆ, ವೆಚ್ಚ, ಫಲಿತಾಂಶಗಳೇ ಹೆಚ್ಚು. ವೈಯಕ್ತಿಕ ಬದುಕನ್ನು ಇಷ್ಟೊಂದು ಬದಿಗಿರಿಸಿದ್ದು ಅವರ ಶಿಸ್ತೋ, ಒಂಟಿತನವೋ ಎಂಬುದನ್ನು ಓದುಗರೇ ನಿರ್ಧರಿಸಬೇಕು.

ಪುಸ್ತಕ ಮುಗಿದರೂ ಕೆಲಸ ಮುಗಿಯಲಿಲ್ಲ. ಬಿಹಾರದಲ್ಲಿ ಗಂಗಾನದಿಗೆ ಎಲ್ಲಿ ಸೇತುವೆ ಕಟ್ಟಬೇಕೆಂಬುದು ರಾಜಕೀಯವಾಗಿಯೂ ಸೂಕ್ಷ್ಮವಾದ ಪ್ರಶ್ನೆಯಾಗಿತ್ತು. ಪ್ರತಿ ಊರಿನವರಿಗೂ ಸೇತುವೆ ತಮ್ಮಲ್ಲೇ ಬೇಕಿತ್ತು. ಯಾರ ಹಂಗಿಗೂ ಒಳಗಾಗದ ತಜ್ಞರೊಬ್ಬರು ಬೇಕಾದಾಗ ಕೇಂದ್ರ ಸರ್ಕಾರ ನೋಡಿದ್ದು 90 ದಾಟಿದ್ದ ವಿಶ್ವೇಶ್ವರಯ್ಯನವರ ಕಡೆಗೆ. ಅವರು ಬಿಹಾರಕ್ಕೆ ಹೋಗಿ ಸ್ಥಳಗಳನ್ನು ಪರಿಶೀಲಿಸಿದರು. ಅವರ ಸಲಹೆಯ ಆಧಾರದ ಮೇಲೆ ಮೊಕಾಮಾದ ಬಳಿ ರೈಲು ಮತ್ತು ರಸ್ತೆ ಎರಡನ್ನೂ ಹೊತ್ತ ರಾಜೇಂದ್ರ ಸೇತು ನಿರ್ಮಾಣವಾಗಿ 1959ರಲ್ಲಿ ಉದ್ಘಾಟನೆಗೊಂಡಿತು. ಬಯಕೆಪಟ್ಟಿಯಲ್ಲಿ ಗಂಗಾದರ್ಶನ ಬರೆದುಕೊಂಡವರು ಲಕ್ಷಾಂತರ. ಆ ವಯಸ್ಸಿನಲ್ಲಿ ಗಂಗೆಯ ದಡಕ್ಕೆ ಹೋಗಿ ಸೇತುವೆಯ ಜಾಗ ಗುರುತಿಸಿ ಬಂದವರು ಬೇರೆಯವರಿರಲಾರರು.

1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ಅದೇ ವರ್ಷ ಜವಾಹರಲಾಲ್ ನೆಹರೂ ಮತ್ತು ಭಗವಾನ್ ದಾಸ್ ಅವರಿಗೂ ಆ ಗೌರವ ದೊರೆತಿತ್ತು. ನೂರನೆಯ ವರ್ಷಕ್ಕೆ ಕಾಲಿಟ್ಟ 1960ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ನಡೆದ ಶತಮಾನೋತ್ಸವಕ್ಕೆ ಪ್ರಧಾನಿ ನೆಹರೂ ಬಂದಿದ್ದರು. ಅಂಚೆ ಇಲಾಖೆ ಅವರು ಬದುಕಿರುವಾಗಲೇ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ನಡೆದದ್ದು ಹುಟ್ಟೂರು ಮುದ್ದೇನಹಳ್ಳಿಯಲ್ಲಿ.

ಪಟ್ಟಿ ಬರೆಯುವವರಿಗೆ

ಎಲ್ಲರೂ ವಿಶ್ವೇಶ್ವರಯ್ಯ ಆಗಲಾರರು, ಆಗಬೇಕಾಗಿಯೂ ಇಲ್ಲ. 34 ವರ್ಷ ಸಂಪಾದಿಸಿದ ಹೆಸರು ಮತ್ತು ಸಂಪರ್ಕಗಳ ಬಲ ಅವರ ಹಿಂದಿತ್ತು. ಆರೋಗ್ಯವೂ ಸಹಕರಿಸಿತು. ದುಡಿದು ದಣಿದವರು ವಿಶ್ರಾಂತಿ ಬಯಸಿದರೆ, ಮೊಮ್ಮಕ್ಕಳ ಜೊತೆ ಕಾಲ ಕಳೆದರೆ, ಹಿಮಾಲಯ ನೋಡಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ. ಆ ಸುಖಗಳಲ್ಲಿ ಹಲವು ಸರ್ ಎಂ.ವಿ. ಅವರ ಪಾಲಿಗೆ ಬರಲೇ ಇಲ್ಲ.

ಆದರೆ ಅವರ ಉತ್ತರಾರ್ಧದಿಂದ ಕಲಿಯಬಹುದಾದ ಕೆಲವು ಸಂಗತಿಗಳಿವೆ. ಆಸೆಯ ಪ್ರತಿಯೊಂದು ಸಾಲಿಗೂ ಅವರಲ್ಲಿ ಖರ್ಚಿನ ಅಂದಾಜು ಮತ್ತು ಕಾಲದ ಗಡುವು ಇರುತ್ತಿತ್ತು. ಪ್ರವಾಸ ಹೋಗುವ ಮುನ್ನ ಏನನ್ನು ತಿಳಿದು ಬರಬೇಕೆಂಬುದು ಗೊತ್ತಿರುತ್ತಿತ್ತು. ಒಂದು ಸಾಲು ವಿಫಲವಾದಾಗ ಪಟ್ಟಿಯನ್ನೇ ಹರಿದೆಸೆಯದೆ ಮುಂದಿನ ಸಾಲಿಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ತಮ್ಮ ಆಯುಷ್ಯದಲ್ಲಿ ಮುಗಿಯಲಾರದ ಕೆಲಸಗಳನ್ನೂ ಪಟ್ಟಿಯಲ್ಲಿ ಸೇರಿಸಲು ಹಿಂಜರಿಯಲಿಲ್ಲ. ಬಕೆಟ್ ಲಿಸ್ಟ್ ಎಂಬ ಪದದಲ್ಲಿ ಸಾವಿನ ಮೊದಲು ಮುಗಿಸಬೇಕೆಂಬ ಅವಸರವಿದೆ. ಈ ಮನುಷ್ಯನ ಪಟ್ಟಿಗೆ ಆ ಅವಸರ ಇರಲಿಲ್ಲ. ತಾನು ಮುಗಿಸದಿದ್ದರೆ ಇನ್ನೊಬ್ಬರು ಮುಗಿಸಲಿ ಎಂದು ವರದಿ ಬರೆದಿಟ್ಟರು.

2023ರಿಂದ ವೈಟ್‌ಫೀಲ್ಡ್ ಮತ್ತು ಕುಂದಲಹಳ್ಳಿಯವರು ನೇರಳೆ ಮಾರ್ಗದ ಮೆಟ್ರೊ ಹತ್ತಿ ನಗರದ ನಡುಭಾಗ ತಲುಪಬಹುದು. ಆ ಮಾರ್ಗದಲ್ಲಿ ಸೆಂಟ್ರಲ್ ಕಾಲೇಜಿನ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿದೆ. ಮನೆಪಾಠ ಹೇಳಿ ಓದಿದ ಹುಡುಗ 1881ರಲ್ಲಿ ಪದವಿ ಪಡೆದ ಕಾಲೇಜು ಅದು. ಅಲ್ಲಿಂದ ಕಬ್ಬನ್ ಉದ್ಯಾನದ ಕಡೆಗೆ ನಡೆದರೆ ಅವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಸಿಗುತ್ತದೆ. ಒಂದು ದಿನದ ಬಿಡುವಿದ್ದವರು ಮುದ್ದೇನಹಳ್ಳಿಗೂ ಹೋಗಿಬರಬಹುದು. ಅವರ ಸಮಾಧಿ ಮತ್ತು ಸ್ಮಾರಕ ಅಲ್ಲಿವೆ. ಬಯಕೆಪಟ್ಟಿ ಬರೆಯಲು ಕುಳಿತವರು ಮೊದಲ ಸಾಲಿನಲ್ಲಿ ಇದನ್ನೇ ಬರೆದುಕೊಂಡರೂ ಆದೀತು.